ನೋವಿನ ಆಪರೇಶನ್‌ಗೆ ಮುನ್ನ ಮನಸ್ಸನ್ನೂ ವಿಚಾರಿಸಬೇಕು

ಹಳೆಯ ಸೊಂಟನೋವಿಗೋ ಮಂಡಿನೋವಿಗೋ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಹೊರಟವರ ಶುಗರ್, ಬಿಪಿ, ಇಸಿಜಿಗಳನ್ನು ನಮ್ಮ ಆಸ್ಪತ್ರೆಗಳು ತಪ್ಪದೆ ನೋಡುತ್ತವೆ. ಅವರಿಗೆ ರಾತ್ರಿ ನಿದ್ದೆ ಬರುತ್ತದೆಯೇ, ಬಗ್ಗಲು ಭಯವಾಗುತ್ತದೆಯೇ, ಈ ಆಪರೇಶನ್‌ನಿಂದ ಅವರು ಏನನ್ನು ನಿರೀಕ್ಷಿಸಿದ್ದಾರೆ ಎಂದು ಕೂರಿಸಿಕೊಂಡು ಕೇಳುವವರು ಅಪರೂಪ. ಉಡುಪಿಯಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಇಂಥವರನ್ನು ಆಪರೇಶನ್‌ಗೆ ಮುಂಚೆಯೂ ಆಮೇಲೂ ನೋಡುತ್ತಾ ಬಂದಿರುವ ನನಗೆ, ಈ ವಿಚಾರಣೆಯೂ ರಕ್ತಪರೀಕ್ಷೆಯಷ್ಟೇ ಕಡ್ಡಾಯವಾಗಬೇಕು ಎಂಬುದರಲ್ಲಿ ಸಂಶಯ ಉಳಿದಿಲ್ಲ.

ಮನಸ್ಸಿನ ಮಾತೆತ್ತಿದ ಕೂಡಲೇ ರೋಗಿಗೆ ಅವಮಾನವಾಗುತ್ತದೆ. ಹಲವು ವರ್ಷ ಮೊರದ ಮುಂದೆ ಕಾಲು ಮಡಚಿ ಕುಳಿತು ಬೀಡಿ ಕಟ್ಟಿದ ಒಬ್ಬ ಅಕ್ಕನಿಗೆ ಆಪ್ತಸಮಾಲೋಚಕರನ್ನು ಒಮ್ಮೆ ಕಾಣಿರಿ ಎಂದಾಗ, "ನನಗೇನು ಮರ್ಲಾ (ಹುಚ್ಚಾ)? ನೋವಿರುವುದು ಸೊಂಟದಲ್ಲಿ" ಎಂದು ಕಣ್ಣೀರು ಹಾಕಿದರು. ಅವರ ಸಿಟ್ಟು ನ್ಯಾಯವಾದದ್ದೇ. "ಎಲ್ಲ ನಿಮ್ಮ ಮನಸ್ಸಿನದ್ದು" ಎಂದು ಹೇಳಿ ಹೆಂಗಸರ ನೋವನ್ನು ತಳ್ಳಿಹಾಕುವ ಅಭ್ಯಾಸ ಮನೆಯಲ್ಲೂ ಇದೆ, ಓಪಿಡಿಯಲ್ಲೂ ಇದೆ.

ಆದರೆ ವಿಜ್ಞಾನ ಹೇಳುವುದು ಆ ಮಾತನ್ನಲ್ಲ. ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ಸಂಶೋಧಕರು 1965ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ದೇಹದಿಂದ ಬರುವ ನೋವಿನ ಸಂಕೇತ ಬೆನ್ನುಹುರಿಯಲ್ಲೇ ಹೆಚ್ಚು ಕಡಿಮೆಯಾಗಬಲ್ಲದು ಮತ್ತು ಮೆದುಳಿನಿಂದ ಕೆಳಗಿಳಿಯುವ ಸಂದೇಶಗಳಿಗೂ ಅದರಲ್ಲಿ ಪಾತ್ರವಿದೆ. ಅದರ ವಿವರಗಳು ಮುಂದೆ ತಿದ್ದುಪಡಿಯಾದರೂ ತಿರುಳು ಉಳಿದಿದೆ. ನೋವನ್ನು ಅಧ್ಯಯನ ಮಾಡುವವರ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯೂ ನೋವನ್ನು ಇಂದ್ರಿಯದ ಅನುಭವವೆಂದೂ ಭಾವನೆಯ ಅನುಭವವೆಂದೂ ಒಟ್ಟಿಗೇ ಕರೆಯುತ್ತದೆ. ಮೂರು ತಿಂಗಳು ದಾಟಿದ ನೋವಿನಲ್ಲಿ ನರವ್ಯೂಹವೇ ಸೂಕ್ಷ್ಮವಾಗಿಬಿಡಬಹುದು. ನಿದ್ರಾಹೀನತೆ, ಖಿನ್ನತೆ, "ಇದು ಇನ್ನು ಹೋಗುವುದೇ ಇಲ್ಲ" ಎಂಬ ದಿಗಿಲು ಆ ಸೂಕ್ಷ್ಮತೆಯನ್ನು ಹೆಚ್ಚಿಸುತ್ತವೆ. ಆ ದಿಗಿಲನ್ನು ಅಳೆಯಲು 1995ರಿಂದಲೂ 13 ಪ್ರಶ್ನೆಗಳ ಒಂದು ಪಟ್ಟಿ ಬಳಕೆಯಲ್ಲಿದೆ. ತುಂಬಿಸಲು ಐದೇ ನಿಮಿಷ ಸಾಕು. ಅಂಥ ದಿಗಿಲು ಹೆಚ್ಚಿದ್ದವರಿಗೆ ಆಪರೇಶನ್ ಆದ ಮೇಲೂ ನೋವು ಉಳಿಯುವ ಸಾಧ್ಯತೆ ಹೆಚ್ಚು ಎಂಬುದು ಮಂಡಿಯ ಮತ್ತು ಬೆನ್ನಿನ ಶಸ್ತ್ರಚಿಕಿತ್ಸೆಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ನಮ್ಮಲ್ಲಿ ಎಂಆರ್‌ಐ ವರದಿಯೇ ಕೊನೆಯ ತೀರ್ಪು. "ಡಿಸ್ಕ್ ಜಾರಿದೆ" ಎಂಬ ಒಂದು ಸಾಲು ಸಿಕ್ಕಿದರೆ ಮನೆಯವರೆಲ್ಲ ಸೇರಿ ಆಪರೇಶನ್‌ಗೆ ಹಣ ಹೊಂದಿಸತೊಡಗುತ್ತಾರೆ. ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನಿಂಗ್ ಫಲಿತಾಂಶಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 37ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡಿತ್ತು. ಅಮೆರಿಕದಲ್ಲಿ ಸವೆದ ಮಂಡಿಯಿದ್ದ 180 ಮಂದಿಯ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕಟುವಾದದ್ದು: ಮಂಡಿಯೊಳಗೆ ಸಣ್ಣ ಕ್ಯಾಮೆರಾ ತೂರಿಸಿ ಮಾಡುವ ದೂರ್ಬೀನಿನ ಆಪರೇಶನ್ ಮಾಡಿಸಿಕೊಂಡವರಿಗೂ, ಬರೀ ಚರ್ಮ ಕೊಯ್ದು ಹೊಲಿಗೆ ಹಾಕಿಸಿಕೊಂಡವರಿಗೂ ಎರಡು ವರ್ಷಗಳ ನಂತರ ನೋವಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಬ್ರಿಟನ್ನಿನಲ್ಲಿ ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯನ್ನು ವ್ಯಾಯಾಮ ಮತ್ತು ಮನೋಚಿಕಿತ್ಸೆಯ ತತ್ವಗಳು ಸೇರಿದ ತೀವ್ರ ಪುನಶ್ಚೇತನದೊಂದಿಗೆ ಹೋಲಿಸಿದ 2005ರ ಅಧ್ಯಯನದಲ್ಲಿಯೂ ಶಸ್ತ್ರಚಿಕಿತ್ಸೆಯೇ ಮೇಲು ಎನ್ನಲು ಸ್ಪಷ್ಟ ಆಧಾರ ದೊರೆಯಲಿಲ್ಲ.

ಇಷ್ಟು ಹೇಳಿದರೂ ನಾನು ಶಸ್ತ್ರಚಿಕಿತ್ಸೆಯ ವಿರೋಧಿಯಲ್ಲ. ಮೂತ್ರ ಕಟ್ಟಿದರೆ, ಗುದದ್ವಾರದ ಸುತ್ತ ಮರಗಟ್ಟಿದರೆ, ಪಾದ ಎತ್ತಲಾಗದಂತೆ ಬಲ ಕುಂದುತ್ತಿದ್ದರೆ ಯಾವ ಪ್ರಶ್ನಾವಳಿಗೂ ಕಾಯದೆ ಆಸ್ಪತ್ರೆಗೆ ಓಡಬೇಕು. ಪೂರ್ತಿ ಸವೆದ ಮಂಡಿಯನ್ನು ಬದಲಾಯಿಸಿದ ಮೇಲೆ ನೋವಿನ ಜೊತೆಗೆ ಖಿನ್ನತೆಯೂ ಇಳಿದವರನ್ನು ನಾನೇ ನಡೆಸಿದ್ದೇನೆ. ಹಾಗಾಗಿ ಖಿನ್ನತೆಯಿದೆ ಎಂಬ ಕಾರಣಕ್ಕೆ ಯಾರಿಗೂ ಆಪರೇಶನ್ ನಿರಾಕರಿಸಬಾರದು. ಶುಗರ್ ಹೆಚ್ಚಿದ್ದರೆ ಹತೋಟಿಗೆ ತಂದು ಮುಂದುವರಿಯುವಂತೆ ಇದನ್ನೂ ನೋಡಿಕೊಂಡರೆ ಸಾಕು.

ಮಂಗಳೂರು, ಮಣಿಪಾಲಗಳ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಎಲುಬು ವಿಭಾಗವೂ ಮನೋವೈದ್ಯ ವಿಭಾಗವೂ ಇವೆ. ಕೊರತೆಯಿರುವುದು ಒಂದರಿಂದ ಇನ್ನೊಂದಕ್ಕೆ ರೋಗಿಯನ್ನು ಗೌರವದಿಂದ ಕಳುಹಿಸುವ ಪದ್ಧತಿಯಲ್ಲಿ. "ನಿಮ್ಮ ನೋವು ನಿಜ, ಆಪರೇಶನ್ ಚೆನ್ನಾಗಿ ಫಲಿಸಲೆಂದು ನಿಮ್ಮ ನಿದ್ದೆಯನ್ನೂ ಭಯವನ್ನೂ ಸರಿಪಡಿಸೋಣ" ಎಂದು ಸರ್ಜನ್ ತಾವೇ ಹೇಳಿದರೆ ರೋಗಿ ಒಪ್ಪುತ್ತಾರೆ. ಬೇರೆಯವರ ಬಾಯಿಂದ ಕೇಳಿದರೆ ಅಪಮಾನವೆನ್ನಿಸುತ್ತದೆ.

ನಿರೀಕ್ಷೆಯ ಮಾತೂ ಇದರಲ್ಲೇ ಸೇರಿದೆ. ಒತ್ತಲ್ಪಟ್ಟ ನರವನ್ನು ಬಿಡಿಸುವ ಡಿಸ್ಕ್ ಶಸ್ತ್ರಚಿಕಿತ್ಸೆಯಿಂದ ಕಾಲಿಗೆ ಇಳಿಯುವ ನೋವು ತಗ್ಗುವಷ್ಟು ಸೊಂಟದ ನೋವು ಸಾಮಾನ್ಯವಾಗಿ ತಗ್ಗುವುದಿಲ್ಲ. ಮತ್ತೆ ಮಲ್ಪೆ ಬಂದರಿನ ಧಕ್ಕೆಯಲ್ಲಿ ಮೀನಿನ ಬುಟ್ಟಿ ಹೊರಬೇಕೆಂದಿರುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು. ನಿಮ್ಮ ಮನೆಯಲ್ಲಿ ಯಾರಾದರೂ ಆಪರೇಶನ್ ದಿನಾಂಕಕ್ಕೆ ಕಾಯುತ್ತಿದ್ದರೆ ಸರ್ಜನ್ ಬಳಿ ಕೇಳಿ: ಯಾವ ನೋವು ಎಷ್ಟು ಕಡಿಮೆಯಾದೀತು, ಯಾವ ಕೆಲಸಕ್ಕೆ ಎಷ್ಟು ತಿಂಗಳ ಮೇಲೆ ಮರಳಬಹುದು, ನೋವು ಉಳಿದರೆ ಮುಂದಿನ ದಾರಿ ಏನು, ಅಲ್ಲಿಯವರೆಗೆ ನಿದ್ದೆಗೂ ಭಯಕ್ಕೂ ಯಾರನ್ನು ಕಾಣಬೇಕು.