ಕೊಪ್ಪರಿಗೆಗೆ ಬೆಂಡೆ ಲೋಳೆ ಒಂದೇ ಸಾಕಾ?

ಮಹಾಲಿಂಗಪುರದ ಹತ್ತಿರ ನಮ್ಮದೊಂದು ಬೆಲ್ಲದ ಗಾಣ ಇದೆ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಬೆಂಡೆ ಗಿಡದ ಲೋಳೆ, ಸುಣ್ಣದ ತಿಳಿ ಇಷ್ಟೇ ಸಾಕಾ, ಇಲ್ಲಾ ಅಂಗಡಿಯ ಪುಡಿಯೂ ಬೇಕಾ? ದೀಪಾವಳಿ ಮುಗಿದು ಗಾಣ ಹೂಡಿದ ಕೂಡಲೇ ನನಗೂ ನಮ್ಮ ಕಾಕಾಗೂ ಇದೇ ಜಗಳ. ಈ ಸಲ ಬರೆದೇ ಬಿಡೋಣ ಅಂತ ಕೂತೆವು. ನನ್ನದು ನಾನು ಬರೆದೆ. ಕಾಕಾ ಹೇಳಿದ್ದನ್ನು ಹಾಗೇ ಬರೆದುಕೊಂಡೆ. ಬೈಗುಳ ಮಾತ್ರ ತೆಗೆದಿದ್ದೇನೆ.

ಪರ: ಬೆಂಡೆ ಸಾಕು

ಮಳೆಗಾಲದಲ್ಲಿ ಘಟಪ್ರಭಾ ಕೆಂಪಾಗಿ ಹರಿಯುವಾಗ ನಮ್ಮವ್ವ ಕೊಡದ ನೀರಿನಲ್ಲಿ ತುರಟಿ (ಪಟಿಕ) ಹಿಡಿದು ನಾಲ್ಕು ಸುತ್ತು ತಿರುಗಿಸುತ್ತಿದ್ದಳು. ಮುಂಜಾನೆ ನೋಡಿದರೆ ಮೇಲೆ ತಿಳಿ ನೀರು, ತಳದಲ್ಲಿ ಬೆರಳು ದಪ್ಪ ರಾಡಿ. ಮಣ್ಣಿನ ಸಣ್ಣ ಕಣಗಳು ಒಂದನ್ನೊಂದು ದೂರ ತಳ್ಳುತ್ತ ತೇಲುತ್ತಿರುತ್ತವೆ. ತುರಟಿಯಲ್ಲಿರುವ ಅಲ್ಯೂಮಿನಿಯಂ ಆ ತಳ್ಳಾಟ ನಿಲ್ಲಿಸುತ್ತದೆ. ಆಗ ಕಣಗಳು ಗಂಟು ಕಟ್ಟಿ ಕೆಳಗೆ ಕೂಡುತ್ತವೆ.

ಗಾಣದಲ್ಲೂ ಮಾಡುವುದು ಇದನ್ನೇ. ಆದರೆ ಇಲ್ಲಿ ಕೊಳೆ ಮೇಲಕ್ಕೆ ಬರುತ್ತದೆ. ಆಗತಾನೇ ಹಿಂಡಿದ ಹಾಲಿನಲ್ಲಿ ಮಣ್ಣು, ಸಿಪ್ಪೆಯ ಪುಡಿ, ಕಬ್ಬಿನ ಮೈಮೇಲಿನ ಮೇಣ, ಪ್ರೋಟೀನು ಎಲ್ಲ ಇರುತ್ತವೆ. ಬೆಂಡೆ ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಕಲ್ಲಿನ ಮೇಲೆ ಜಜ್ಜಿ ಬಕೆಟ್ ನೀರಿಗೆ ಹಾಕಬೇಕು. ಸ್ವಲ್ಪ ಹೊತ್ತಿಗೆ ಕೈ ಅದ್ದಿ ಎತ್ತಿದರೆ ಬೆರಳಿನಿಂದ ದಾರದ ಹಾಗೆ ಲೋಳೆ ಇಳಿಯುತ್ತದೆ. ಅದು ಮೊಣಕೈ ತನಕ ಹರಿದು ಬಂದರೆ ಹದ ಬಂತು ಅಂತ ಲೆಕ್ಕ. ಹಾಲು ಇನ್ನೂ ಕುದಿಯದೆ ಬರೇ ಬಿಸಿ ಏರುತ್ತಿರುವಾಗ ಅದನ್ನು ಸೋಸಿ ಸುರಿಯಬೇಕು. ಬಿಸಿಗೆ ಪ್ರೋಟೀನು ಹೆಪ್ಪುಗಟ್ಟುತ್ತದೆ. ಲೋಳೆಯ ಉದ್ದುದ್ದ ಎಳೆಗಳು ಬಲೆಯಂತೆ ಅದನ್ನೂ ಮಣ್ಣನ್ನೂ ಹಿಡಿದು ಮೇಲಕ್ಕೆ ಎತ್ತುತ್ತವೆ. ಕಪ್ಪು-ಹಸಿರು ಬಣ್ಣದ ದಪ್ಪ ಕೆನೆ ಕಟ್ಟುತ್ತದೆ. ಅದನ್ನು ಬಳಿದು ಹಾಕಿದರೆ ಕೆಳಗೆ ಹೊನ್ನಿನ ಬಣ್ಣದ ಹಾಲು. ಆ ಗಳಿಗೆ ನೋಡಲೆಂದೇ ನಾನು ಒಲೆ ಹತ್ತಿರ ನಿಲ್ಲುತ್ತೇನೆ.

ನಾನೂ ಕೆಡಿಸಿದ್ದೇನೆ, ಮುಚ್ಚಿಡುವುದಿಲ್ಲ. ಮೊದಲ ವರ್ಷ ಫೋನಿನಲ್ಲಿ ಮಾತಾಡುತ್ತ ನಿಂತು ಹಾಲು ಕುದಿ ಹತ್ತಿದ ಮೇಲೆ ಲೋಳೆ ಸುರಿದೆ. ಕೆನೆ ಕಟ್ಟಲಿಲ್ಲ, ಎಲ್ಲ ಒಳಗೇ ಕಲೆತು ಹೋಯಿತು. ಸುಮಾರು 200 ಕೇಜಿ ಬೆಲ್ಲ ಸಗಣಿ ಬಣ್ಣಕ್ಕೆ ಬಂತು, ಬಾಯಿಗೆ ಹಾಕಿದರೆ ಕರಕರ. ಪೇಟೆಯಲ್ಲಿ ಒಬ್ಬ ದಲಾಲರು ಪೆಂಟಿ (ಬೆಲ್ಲದ ಅಚ್ಚು) ಮುರಿದು ನೋಡಿ, ಮುರಿದದ್ದನ್ನು ನನ್ನ ಕೈಯಲ್ಲೇ ಇಟ್ಟು ಮುಂದೆ ಹೋದರು. ತಪ್ಪು ಬೆಂಡೆಯದಲ್ಲ, ನನ್ನದು.

ಇನ್ನು ಪುಡಿಯ ಮಾತು. ನಮ್ಮ ಕಡೆ ಪುಡಿ ಅಂದರೆ ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಇಲ್ಲಿಂದ ಹತ್ತಿರದಲ್ಲೇ ಇರುವ ರಬಕವಿ-ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವವರನ್ನು ಕೇಳಿ, ಅವರಿಗೆ ಇದರ ಗುಣ ಚೆನ್ನಾಗಿ ಗೊತ್ತು. ನೀರಿನಲ್ಲಿ ತಾನಾಗಿ ಕರಗದ ವ್ಯಾಟ್ ಬಣ್ಣ ಕರಗಿಸಲು, ಹಿಡಿದ ಬಣ್ಣ ತೆಗೆಯಲು ಬಳಸುವುದು ಇದನ್ನೇ. ಗಮನಿಸಿ, ಇದು ಕೊಳೆ ತೆಗೆಯುವುದಿಲ್ಲ. ಬಣ್ಣ ಅಷ್ಟೇ ತೆಗೆಯುತ್ತದೆ. ಹಾಲಿನಲ್ಲಿದ್ದ ರಾಡಿ ಬೆಲ್ಲದಲ್ಲೂ ಇರುತ್ತದೆ, ಹಳದಿಯಾಗಿ ಇರುತ್ತದೆ. ಆ ಹಳದಿಯೂ ನಿಲ್ಲುವುದಿಲ್ಲ. ನಾಲ್ಕು ತಿಂಗಳು ಕೋಣೆಯಲ್ಲಿಟ್ಟರೆ ಮತ್ತೆ ಕಪ್ಪಾಗುತ್ತ ಬರುತ್ತದೆ. ಉಳಿಯುವುದು ಗಂಧಕದ ಅಂಶ. ಉಬ್ಬಸ ಇದ್ದವರಿಗೆ ಅದು ಆಗಿಬರುವುದಿಲ್ಲ. ಬೆಲ್ಲದಲ್ಲಿ ಅದು ಎಷ್ಟಿರಬಹುದು ಅನ್ನುವುದಕ್ಕೆ ಆಹಾರ ಕಾನೂನಿನಲ್ಲಿ ಮಿತಿ ಇದೆ. ಗಾಣದಲ್ಲಿ ತಕ್ಕಡಿ ಹಿಡಿದು ಯಾರೂ ಪುಡಿ ಹಾಕುವುದಿಲ್ಲ. ಮುಷ್ಟಿ ಲೆಕ್ಕ.

ಪುಡಿ ಹಾಕದ ಬೆಲ್ಲಕ್ಕೆ ದರ ಕಡಿಮೆ ಸಿಗುತ್ತದೆ, ನಿಜ. ಬೆಳಗಾವಿಯಲ್ಲಿ ಕೆಂಪು ಬೆಲ್ಲವನ್ನೇ ಕೇಳಿ ಒಯ್ಯುವ ಮನೆಗಳು ಈಗ ನನಗೆ ಸಿಕ್ಕಿವೆ. ಅವರಿಗೆ ಆ ಕೆಂಪೇ ಪುಡಿ ಇಲ್ಲ ಅನ್ನುವುದರ ಗುರುತು.

ವಿರೋಧ: ಬೆಂಡೆ ಒಂದೇ ಸಾಕಾಗುವುದಿಲ್ಲ

ತಮ್ಮಾ, ನೀನು ಬರೆದದ್ದರಲ್ಲಿ ಸುಳ್ಳಿಲ್ಲ. ಆದರೆ ಅದೆಲ್ಲ ಒಳ್ಳೆ ಕಬ್ಬಿನ ಮಾತು. ಕರಿ ಮಣ್ಣಿನಲ್ಲಿ ನೆಟ್ಟಗೆ ನಿಂತ, ಹನ್ನೆರಡು ತಿಂಗಳು ತುಂಬಿದ, ಕಡಿದ ದಿನವೇ ಹಿಂಡಿದ ಕಬ್ಬಿಗೆ ಬೆಂಡೆ ಸಾಕು. ಅಂಥ ಕಬ್ಬಿಗೆ ಸುಮ್ನೆ ಕೆನೆ ಬಳಿದರೂ ಬೆಲ್ಲ ಬಂಗಾರ ಆಗುತ್ತದೆ.

ನಮ್ಮ ಗಾಣಕ್ಕೆ ಬರುವುದು ಎಂಥಾ ಕಬ್ಬು? ಕಾಲುವೆ ನೀರು ಉಂಡು ಉಂಡು ಈ ಭಾಗದ ಎಷ್ಟೋ ಹೊಲ ಸವುಳಾಗಿವೆ. ಸವುಳು ಹೊಲದ ಕಬ್ಬಿನ ಹಾಲು ನಾಲಿಗೆಗೇ ಉಪ್ಪುಪ್ಪು. ಆ ಉಪ್ಪು ಹಾಲಿನಲ್ಲಿ ಕರಗಿ ಹೋಗಿರುತ್ತದೆ. ತೇಲುವ ಕಸವನ್ನು ನಿನ್ನ ಲೋಳೆ ಹಿಡಿದೀತು, ಕರಗಿದ್ದನ್ನು ಹೇಗೆ ಹಿಡಿದೀತು? ಆ ಬೆಲ್ಲ ಕಪ್ಪಾಗುತ್ತದೆ, ಗಟ್ಟಿ ನಿಲ್ಲುವುದಿಲ್ಲ, ಮಳೆಗಾಲಕ್ಕೆ ಬೆವರಿ ಚೀಲ ಒದ್ದೆ ಮಾಡುತ್ತದೆ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದು ನೆನಪಿದೆಯಾ? ನೀರಲ್ಲಿ ನಿಂತು, ಬಿದ್ದು, ಗಣ್ಣಿನಲ್ಲಿ ಬೇರು ಬಿಟ್ಟ ಕಬ್ಬನ್ನು ರೈತ ನಮ್ಮ ಬಾಗಿಲಿಗೆ ತಂದ. ಬೆಂಡೆಗೆ ಆಗುವುದಿಲ್ಲ, ವಾಪಸ್ ಒಯ್ಯಿ ಅನ್ನಲೇ? ಅವನ ಸಾಲಕ್ಕೆ ಜಾಮೀನು ನಿಂತವನು ನಾನು.

ಇನ್ನು ಬೆಂಡೆ ಗಿಡ. ನಮ್ಮ ಹಿತ್ತಲಿನ ಹತ್ತು ಗಿಡ ಎರಡು ದಿನಕ್ಕೆ ಮುಗಿಯುತ್ತವೆ. ಆಮೇಲೆ ಕಾಯಿ ಬೆಳೆಯುವವನ ಹೊಲದಿಂದ ತರುತ್ತೀ. ಹುಳಕ್ಕೆ ಅಂತ ಅವನು ವಾರಕ್ಕೊಮ್ಮೆ ಎಣ್ಣೆ ಹೊಡೆಯುತ್ತಾನೆ. ಆ ಗಿಡವನ್ನು ಜಜ್ಜಿ ಸುರಿದು ಚೀಲದ ಮೇಲೆ 'ರಾಸಾಯನಿಕ ಇಲ್ಲ' ಅಂತ ಬರೆಸುತ್ತೀ. ಒಂದು ಬಕೆಟ್ ನೀರಲ್ಲಿ ತೊಳೆದರೆ ಅದು ಹೋಯಿತಾ?

ಕೆನೆ ಬಳಿಯುವವರು ಯಾರು ಅಂತಲೂ ನೀನು ಬರೆಯಲಿಲ್ಲ. ಆ ಉರಿಯ ಮುಂದೆ ನಿಂತು, ಕೆನೆ ಒಡೆಯದ ಹಾಗೆ ಅಂಚಿಗೆ ತಂದು ಎತ್ತುವ ಕೈ ಈಗ ಊರಿಗೆ ಒಂದೋ ಎರಡೋ. ಉಳಿದವರು ಫ್ಯಾಕ್ಟರಿಗೆ ಕಬ್ಬು ಕಡಿಯಲು ಹೋದರು.

ರಾಸಾಯನಿಕ ಅನ್ನುವ ಶಬ್ದದ ಮೇಲೆ ನನಗೆ ಭಾಳ ಸಿಟ್ಟು. ಸುಣ್ಣ ಏನು, ದೇವರ ಪ್ರಸಾದವೇ? ಸುಟ್ಟ ಕಲ್ಲು. ಹಾಲಿನ ಹುಳಿ ಮುರಿಯಲು ಅದನ್ನು ಹಾಕುತ್ತೇವೆ. ಹುಳಿ ಉಳಿದರೆ ಬೆಲ್ಲ ಮೆತ್ತಗೆ, ಸುಣ್ಣ ಜಾಸ್ತಿಯಾದರೆ ಬೆಲ್ಲ ಕಪ್ಪು. ಅದು ನಡೆಯುತ್ತದೆ ಅಂದಮೇಲೆ ಆಹಾರ ದರ್ಜೆಯ ಫಾಸ್ಫರಿಕ್ ಆ್ಯಸಿಡ್ ಯಾಕೆ ನಡೆಯಬಾರದು? ಸುಣ್ಣದ ಜೊತೆ ಸೇರಿ ಅದು ಅರಳೆಯ ಹಾಗೆ ಗಂಟು ಕಟ್ಟುತ್ತದೆ, ಕೊಳೆಯನ್ನು ಅಪ್ಪಿಕೊಂಡು ಬರುತ್ತದೆ. ಬಣ್ಣ ಮುಚ್ಚುವ ಆಟ ಅಲ್ಲ ಅದು, ನಿಜವಾಗಿ ತಿಳಿ ಮಾಡುವುದು. ಕೊಳೆ ತೆಗೆಯಲು ಅಡುಗೆ ಸೋಡಾ ಹಾಕಿದರೆ ಅದು ಆಹಾರ ದರ್ಜೆಯದ್ದಾಗಿರಬೇಕು ಅಂತ ಕಾನೂನಿನಲ್ಲೇ ಇದೆ. ಹಾಕಬೇಡ ಅಂತ ಇಲ್ಲ. ಪುಡಿ ಅಂದ ಕೂಡಲೇ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡ.

ನಿನ್ನ ಬೆಳಗಾವಿಯ ಮನೆಗಳಿಗೂ ಒಂದು ಮಾತು. ಅವರು ಚಹಾಕ್ಕೆ ಹಾಕುವ ಬಿಳಿ ಸಕ್ಕರೆಯನ್ನು ನಮ್ಮ ಕಡೆಯ ಫ್ಯಾಕ್ಟರಿಗಳಲ್ಲಿ ಹೇಗೆ ಮಾಡುತ್ತಾರೆ? ಹಾಲಿಗೆ ಸುಣ್ಣ ಹಾಕಿ, ಗಂಧಕ ಸುಟ್ಟ ಹೊಗೆ ಹಾಯಿಸಿ. ಅದಕ್ಕೆ ಯಾರೂ ಮೂಗು ಮುರಿಯುವುದಿಲ್ಲ. ಬೆಲ್ಲದ ಮೇಲಷ್ಟೇ ಸಿಟ್ಟು.

ಹೈಡ್ರೋಸ್ ವಿಷಯ ನಾನು ತಪ್ಪಿಸುವುದಿಲ್ಲ. ಅದನ್ನು ನಾನು ಮೆಚ್ಚಿ ಹಾಕುತ್ತಿಲ್ಲ. ಪೇಟೆಯಲ್ಲಿ ದಲಾಲ ನಾಲಿಗೆಗಿಂತ ಮೊದಲು ಕಣ್ಣಿನಿಂದ ತಿನ್ನುತ್ತಾನೆ. ಪೆಂಟಿಯ ಮೂಲೆ ಮುರಿದು ಬಿಸಿಲಿಗೆ ಹಿಡಿಯುತ್ತಾನೆ, ಅಲ್ಲಿಗೆ ನನ್ನ ವರ್ಷದ ಲೆಕ್ಕ ಮುಗಿಯಿತು. ಹಳದಿ ಬೆಲ್ಲ ಬೇಡ ಅಂತ ಕೊಳ್ಳುವವರು ಅಂದರೆ ನಾಳೆಯೇ ಡಬ್ಬಿ ಹೊರಗೆ ಎಸೆಯುತ್ತೇನೆ. ಅಮೀನಗಡದ ಕರದಂಟು ಕಂದು ಬಣ್ಣದ್ದಿದ್ದರೂ ಬಾಯಿ ಚಪ್ಪರಿಸಿ ತಿನ್ನುವ ಜನ, ಹೋಳಿಗೆ ಹೂರಣ ಮಾತ್ರ ಹಳದಿ ಬೇಕು ಅಂತಾರೆ. ಯಾಕೋ!

ಮನೆಗೆ ತೆಗೆದಿಡುವ ಪೆಂಟಿಗೆ ಪುಡಿ ಹಾಕುವುದಿಲ್ಲವಲ್ಲ ಕಾಕಾ ಅಂತ ನೀನು ಪ್ರತಿ ಸಲ ಚುಚ್ಚುತ್ತೀ. ಹೌದು, ಹಾಕುವುದಿಲ್ಲ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಬರೆದುಕೋ.

ಆದರೆ ನಿನ್ನ ಮಾತಿಗೆ ಇಡೀ ಗಾಣ ಬಿಟ್ಟುಕೊಡಲಾರೆ. ಈ ಸಲ ಹೀಗೆ ಮಾಡೋಣ. ಕಾಲುವೆ ಬದುವಿಗೆ ಎರಡು ಸಾಲು ಬೆಂಡೆ ನಾನೇ ಊರುತ್ತೇನೆ, ಎಣ್ಣೆ ಹೊಡೆಯುವುದಿಲ್ಲ. ವಾರಕ್ಕೆ ಒಂದು ಕೊಪ್ಪರಿಗೆ ನಿನ್ನ ಪದ್ಧತಿಯಲ್ಲಿ ಕಾಯಿಸು. ಕಬ್ಬು ನೀನು ಆರಿಸುವ ಹಾಗಿಲ್ಲ, ಆ ದಿನ ಬಾಗಿಲಿಗೆ ಯಾವ ಗಾಡಿ ಬಂತೋ ಅದೇ. ಕೆನೆ ನೀನೇ ಬಳಿಯಬೇಕು, ಫೋನು ಮನೆಯಲ್ಲಿಟ್ಟು ಬಾ. ಆ ಬೆಲ್ಲ ಪೇಟೆಗೆ ಹೋಗುವುದಿಲ್ಲ, ಬೆಳಗಾವಿಗೆ ನೀನೇ ಒಯ್ಯಬೇಕು. ಸಂಕ್ರಾಂತಿಯ ಹೊತ್ತಿಗೆ ಮನೆಯಲ್ಲಿ ಎಷ್ಟು ಪೆಂಟಿ ಉಳಿದಿವೆ ಅಂತ ನಿನ್ನ ಕಾಕಿ ಎಣಿಸುತ್ತಾಳೆ.