ಕೊಲೆಗೆ ಎಷ್ಟು ಹೊತ್ತು, ಸತ್ತವರಿಗೆ ಎಷ್ಟು ಹೊತ್ತು?

ಮೊನ್ನೆ ಬಂದ ಆ ಕ್ರೈಂ ಥ್ರಿಲ್ಲರ್ ಬಗ್ಗೆ ಶಿರಸಿಯಲ್ಲಿ ಈಗ ಎರಡೇ ಪಕ್ಷ. ಒಂದು ಪಕ್ಷಕ್ಕೆ ಅದು ಈ ವರ್ಷದ ಸಿನಿಮಾ. ಇನ್ನೊಂದಕ್ಕೆ ಅದು ಸಿನಿಮಾನೇ ಅಲ್ಲ, ಕಸಾಯಿಖಾನೆ. ಹೆಸರು ಬರೆಯಲ್ಲ. ಬರೆದರೆ ಅಭಿಮಾನಿಗಳು ನಾನು ಹೇಳಿದ್ದನ್ನು ಬಿಟ್ಟು, ನಾನು ಯಾವ ಹೀರೋ ಕಡೆಯವನು ಅಂತ ಹುಡುಕಲು ಕೂರುತ್ತಾರೆ. ನೋಡಿದವರಿಗೆ ಹೇಗೂ ಗೊತ್ತಾಗುತ್ತೆ.

ನನ್ನ ತಕರಾರು ಏನೆಂದರೆ, ಎರಡೂ ಪಕ್ಷದವರು ರಕ್ತವನ್ನೇ ಅಳೆಯುತ್ತಿದ್ದಾರೆ. ಜಾಸ್ತಿ ಆಯ್ತು ಅಂತ ಒಬ್ಬರು. ಕಥೆಗೆ ಅಷ್ಟು ಬೇಕಿತ್ತು ಅಂತ ಇನ್ನೊಬ್ಬರು. ನನಗೆ ರಕ್ತದಿಂದ ತೊಂದರೆ ಆಗಲಿಲ್ಲ. ಅಷ್ಟು ಜನ ಸತ್ತರೂ ಹೊರಗೆ ಬಂದಮೇಲೆ ಒಬ್ಬರ ಹೆಸರೂ ನೆನಪಿಗೆ ಬರಲಿಲ್ಲ. ಕಿರಿಕಿರಿ ಆಗಿದ್ದು ಅದಕ್ಕೆ.

ಈಗ ನಮ್ಮ ಕಡೆ ಅಡಿಕೆ ಸುಲಿಯುವ ಕಾಲ. ಸಂಜೆ ನಾಲ್ಕು ಜನ ಮೆಟ್ಟುಗತ್ತಿ ಮುಂದೆ ಕೂತರೆ ಮಾತಿಗೆ ಬರ ಇರೋದಿಲ್ಲ. ಹಸಿ ಅಡಿಕೆಯ ಚೊಗರಿಗೆ ಎಲ್ಲರ ಬೆರಳೂ ಕಪ್ಪು. ಕಾಯಿಯನ್ನು ಕತ್ತಿಗೆ ಒತ್ತಿ ಒಂದು ತಿರುವು ಕೊಟ್ಟರೆ ಸಿಪ್ಪೆ ಆ ಕಡೆ, ಅಡಿಕೆ ಈ ಕಡೆ. ಕಣ್ಣು ಕತ್ತಿಯ ಮೇಲೆ, ಬಾಯಿ ಸಿನಿಮಾದ ಮೇಲೆ. ಕಾಲೇಜಿಗೆ ಹೋಗುವ ಹುಡುಗರು ಮೂವರಿದ್ದರು, ಮೊದಲ ದಿನವೇ ನೋಡಿ ಬಂದವರು. ಆ ಕಾರಿಡಾರ್ ಫೈಟನ್ನು ಒಬ್ಬ ಏಟು ಏಟಾಗಿ ವಿವರಿಸಿದ. ಕ್ಯಾಮೆರಾ ಎಲ್ಲೂ ಕಟ್ ಆಗೋದಿಲ್ಲ, ಹೀರೋ ಸುಸ್ತಾಗಿ ಗೋಡೆ ಹಿಡಿದುಕೊಳ್ತಾನೆ, ಕೈ ನಡುಗುತ್ತೆ. ಅವನು ಹೇಳಿದ್ದು ಸರಿಯಾಗಿಯೇ ಇದೆ. ಆ ಫೈಟ್ ಚೆನ್ನಾಗಿದೆ. ಹೊಡೆದವನಿಗೂ ನೋವಾಗುತ್ತೆ ಅನ್ನೋದನ್ನು ತೋರಿಸುವ ಸಿನಿಮಾ ನಮ್ಮಲ್ಲಿ ಕಡಿಮೆ. ‘ಈಗಿನ ಹುಡುಗರಿಗೆ ರಕ್ತ ಕಂಡರೆ ಖುಷಿ’ ಅಂತ ಬೈಯುವ ಹಿರಿಯರು ಒಮ್ಮೆ ಕೂತು ಈ ಹುಡುಗರ ಮಾತು ಕೇಳಬೇಕು. ಅವರು ನೋಡಿದ್ದು ಕೆಲಸವನ್ನ.

ಅತ್ತಿಗೆ ಇಂಟರ್‌ವಲ್‌ಗೇ ಎದ್ದು ಬಂದವರು. ಅವರು ಹೇಳಿದ್ದು ಬೇರೆ. ‘ನಂಗೆ ರಕ್ತ ಎಂತೂ ಅಲ್ಲ ತಮ್ಮಾ. ಆ ಕೂಸು ಸಾಯೂದನ್ನ ನಿಧಾನ ಮಾಡಿ ಎರಡೆರಡು ಸಲ ತೋರಿಸಿದ್ರಲಾ, ಅದು ಎಂತಕ್ಕೆ?’

ಹುಡುಗರಲ್ಲಿ ಒಬ್ಬ ತಕ್ಷಣ ಹೇಳಿದ, ‘ಹೀರೋಗೆ ಸಿಟ್ಟು ಬರಬೇಕಲ್ಲ ಅತ್ತೆ.’

ಅತ್ತಿಗೆ ಮತ್ತೆ ಮಾತಾಡಲಿಲ್ಲ. ಆದರೆ ನನಗೆ ಆ ಉತ್ತರ ತಲೆಯಲ್ಲಿ ಕೂತುಬಿಟ್ಟಿತು. ಹುಡುಗ ತಪ್ಪು ಹೇಳಲಿಲ್ಲ, ಇದ್ದದ್ದನ್ನೇ ಹೇಳಿದ. ಆ ಹುಡುಗಿ ಸಿನಿಮಾದಲ್ಲಿ ಇರೋದೇ ಹೀರೋಗೆ ಸಿಟ್ಟು ಬರಿಸಲಿಕ್ಕೆ. ಅವಳು ಏನು ಓದುತ್ತಿದ್ದಳು? ಗೊತ್ತಿಲ್ಲ. ಅವಳ ಅಮ್ಮ ಎಲ್ಲಿ? ಗೊತ್ತಿಲ್ಲ. ಹೀರೋ ಕೈಲಿರುವ ಪಿಸ್ತೂಲು ಯಾವ ದೇಶದ್ದು ಅಂತ ಮಾತ್ರ ಎರಡು ಸಲ ಹೇಳುತ್ತಾರೆ.

ರಕ್ತ ನಮ್ಮ ಜಿಲ್ಲೆಗೆ ಹೊಸದಾ? ಕೀಚಕ ವಧೆ ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? ಭೀಮ ಆ ಕೀಚಕನ ಕೈಕಾಲು, ತಲೆ ಎಲ್ಲ ಮೈಯೊಳಕ್ಕೆ ತುರುಕಿ ಮಾಂಸದ ಮುದ್ದೆ ಮಾಡಿದ ಅಂತ ಮಹಾಭಾರತವೇ ಹೇಳುತ್ತೆ. ಅಜ್ಜಿಯರು ಮೊಮ್ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಇದನ್ನು ಹೇಳಿದ್ದಾರೆ. ಯಾವ ಬೋರ್ಡಿನ ಸರ್ಟಿಫಿಕೇಟೂ ಇಲ್ಲದೆ! ಯಕ್ಷಗಾನದಲ್ಲಿ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕನಿಗಾಗಿ ಜನ ನಿದ್ದೆ ಬಿಟ್ಟು ಕೂತಿದ್ದಾರೆ. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2017ರಲ್ಲಿ ತೀರಿಕೊಂಡರು. ಈಗಲೂ ಕೀಚಕ ಅಂದರೆ ಘಟ್ಟದ ಮೇಲೂ ಕೆಳಗೂ ಮೊದಲು ಬರೋದು ಅವರ ಹೆಸರು.

ಆದರೆ ಆ ಕಥೆಯಲ್ಲಿ ಹೊತ್ತು ಯಾವುದಕ್ಕೆ ಹೋಗುತ್ತೆ ನೋಡಿ. ಸೈರಂಧ್ರಿಯ ವೇಷದಲ್ಲಿರುವ ದ್ರೌಪದಿ ಕೀಚಕನ ಅಕ್ಕ, ರಾಣಿ ಸುದೇಷ್ಣೆಯ ಹತ್ತಿರ ಬೇಡಿಕೊಳ್ಳುತ್ತಾಳೆ, ನನ್ನನ್ನು ಅವನ ಮನೆಗೆ ಕಳಿಸಬೇಡ ಅಂತ. ಸುದೇಷ್ಣೆ ಕೇಳೋದಿಲ್ಲ. ತುಂಬಿದ ಸಭೆಯಲ್ಲಿ ಕೀಚಕ ಅವಳನ್ನು ಒದೆಯುತ್ತಾನೆ. ರಾಜ ವಿರಾಟ ಸುಮ್ಮನಿರುತ್ತಾನೆ. ಕಂಕಭಟ್ಟನ ವೇಷದಲ್ಲಿ ಅಲ್ಲೇ ಕೂತಿರುವ ಧರ್ಮರಾಯನೂ ತಡೆದುಕೊಳ್ಳುತ್ತಾನೆ. ಕೊನೆಗೆ ರಾತ್ರಿ ಅಡುಗೆಮನೆಗೆ ಹೋಗಿ, ಅಡುಗೆಯವ ವಲಲನಾಗಿರುವ ಭೀಮನನ್ನು ಎಬ್ಬಿಸುತ್ತಾಳೆ. ಅಲ್ಲಿ ಅವಳು ಅಳುತ್ತಾಳೆ, ಐದೂ ಗಂಡಂದಿರನ್ನು ಬೈಯುತ್ತಾಳೆ, ಸಾಯುತ್ತೇನೆ ಅಂತಾಳೆ. ಆ ಕೀಚಕನಿಗೂ ಅವನ ಪಾಲಿನ ಹೊತ್ತು ಸಿಗುತ್ತೆ. ಅವನ ಆಸೆ, ಅವನ ಹುಚ್ಚು, ಕತ್ತಲಲ್ಲಿ ಅವಳೇ ಬಂದಳು ಅಂದುಕೊಂಡ ಅವನ ಸಂಭ್ರಮ. ಇಷ್ಟೆಲ್ಲ ಆದಮೇಲೆ ಕೊಲೆ. ಅದು ಎಷ್ಟೇ ಭೀಕರ ಆಗಿರಲಿ, ಯಾರು ಸತ್ತರು, ಯಾಕೆ ಸತ್ತರು ಅಂತ ಯಾರೂ ಕೇಳಬೇಕಾಗಿಲ್ಲ.

ನಮ್ಮ ಈ ಸಿನಿಮಾದಲ್ಲಿ ಲೆಕ್ಕ ಪೂರ್ತಿ ಉಲ್ಟಾ. ದುಃಖಕ್ಕೆ ಒಂದು ಹಾಡಿನ ಅರ್ಧ. ಉಳಿದದ್ದೆಲ್ಲ ಹೊಡೆತ.

ಕುಮಟಾದಲ್ಲಿ ನಮಗೆ ಬೇಕಾದವರೊಬ್ಬರು ಆಸ್ಪತ್ರೆಯಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತರಾದವರು. ಮಗನ ಒತ್ತಾಯಕ್ಕೆ ಹೋಗಿ ನೋಡಿದರಂತೆ. ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು. ‘ತಲೆಗೆ ರಾಡ್ ಬಿದ್ದವ ಎದ್ದು ಡೈಲಾಗ್ ಹೇಳೂದಿಲ್ಲ ಮಾರಾಯ. ಅವನಿಗೆ ಅವನ ಹೆಸರೇ ನೆನಪಿರೂದಿಲ್ಲ.’ ಆಮೇಲೆ ಇನ್ನೊಂದು ಹೇಳಿದರು. ಎಷ್ಟೋ ಗಾಯ ನೋಡಿದ್ದಾರೆ, ಹೆಚ್ಚಿನವು ಮರೆತುಹೋಗಿವೆ. ಮರೆಯದೇ ಉಳಿದದ್ದು ಹೊರಗೆ ಬೆಂಚಿನ ಮೇಲೆ ಕೂತವರಂತೆ. ಒಳಗಿರುವವನ ಚಪ್ಪಲಿಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಹಾಕಿಕೊಂಡು, ಅದನ್ನು ಕೆಳಗೂ ಇಡದೆ ಮಡಿಲಲ್ಲಿ ಇಟ್ಟುಕೊಂಡು ಕೂತವರು. ಈ ಸಿನಿಮಾದಲ್ಲಿ ಆ ಬೆಂಚೇ ಇಲ್ಲ.

ಸಿನಿಮಾ ನೋಡಿ ಸಮಾಜ ಕೆಡುತ್ತೆ ಅನ್ನುವವರ ಜೊತೆ ನಾನಿಲ್ಲ. ಲಾಂಗ್ ಹಿಡಿದ ಸಿನಿಮಾಗಳು ನಮ್ಮಲ್ಲಿ ಎಷ್ಟೋ ವರ್ಷಗಳಿಂದ ಬರುತ್ತಿವೆ. ಅದಕ್ಕೆ ಶಿಳ್ಳೆ ಹೊಡೆದವರೇ ಇವತ್ತು ಸೊಸೈಟಿಯಲ್ಲಿ ಅಡಿಕೆ ವ್ಯಾಪಾರ ನೋಡಿಕೊಂಡು ಇದ್ದಾರೆ.

ಆದರೆ ಮಕ್ಕಳ ವಿಷಯ ಬೇರೆ. ನಾನು ನೋಡಿದ ಶೋನಲ್ಲಿ ಮುಂದಿನ ಸಾಲಲ್ಲಿ ಐದಾರು ವರ್ಷದ ಮಗು ಇತ್ತು. ಹೊಡೆತ ಶುರುವಾದ ಕೂಡಲೇ ಅಮ್ಮ ಸೆರಗಿನಿಂದ ಅದರ ಕಣ್ಣು ಮುಚ್ಚುತ್ತಿದ್ದರು. ಕಿವಿ ಮುಚ್ಚಲಿಲ್ಲ. ಇಂಥ ಸಿನಿಮಾದಲ್ಲಿ ಅರ್ಧ ಹಿಂಸೆ ಇರೋದು ಶಬ್ದದಲ್ಲಿ. ಮೂಳೆ ಮುರಿಯುವ, ತಲೆ ಒಡೆಯುವ ಶಬ್ದ ಮಾಡಲು ಸ್ಟುಡಿಯೋದಲ್ಲಿ ಎಲೆಕೋಸು, ಕಲ್ಲಂಗಡಿ ಎಲ್ಲ ಒಡೆಯುತ್ತಾರೆ. ಅದು ನಮಗೆ ಗೊತ್ತು, ಮಗುವಿಗೆ ಗೊತ್ತಿಲ್ಲ. ಪ್ರತಿ ಹೊಡೆತಕ್ಕೂ ಅದರ ಕಾಲು ಸೀಟಿನ ಮೇಲೆ ಎಗರುತ್ತಿತ್ತು.

ಆ ಸಿನಿಮಾಕ್ಕೆ ಸಿಕ್ಕಿದ್ದು ‘ಎ’ ಸರ್ಟಿಫಿಕೇಟ್. ಹದಿನೆಂಟು ತುಂಬದವರಿಗೆ ಒಳಗೆ ಜಾಗ ಇಲ್ಲ ಅಂತ ಅರ್ಥ. ಅಪ್ಪ ಅಮ್ಮ ಜೊತೆಗಿದ್ದರೆ ಪರವಾಗಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಅದು ‘ಯುಎ’ ಸಿನಿಮಾಗಳ ಮಾತು. 2023ರ ತಿದ್ದುಪಡಿಯಲ್ಲಿ ಯುಎಯನ್ನು 7, 13, 16 ವರ್ಷ ಅಂತ ಮೂರು ಮಾಡಿದ್ದಾರೆ. ಅಲ್ಲಿ ತೀರ್ಮಾನ ತಂದೆತಾಯಿಯದ್ದು. ಎ ಅಂದಮೇಲೆ ತೀರ್ಮಾನ ಆಗಿಹೋಗಿದೆ, ಗೇಟಿನಲ್ಲಿ ತಡೆಯಬೇಕು, ಅಷ್ಟೇ. ಟಿಕೆಟ್ ಹರಿಯುವ ಹುಡುಗ ಆ ಮಗುವಿನ ಕೆನ್ನೆ ಚಿವುಟಿ ಒಳಗೆ ಬಿಟ್ಟ. ಪೋಸ್ಟರಿನಲ್ಲಿ ಹೀರೋನ ಕಣ್ಣಿನ ರೆಪ್ಪೆ ಎಣಿಸಬಹುದು, ಆ ಎ ಅಕ್ಷರ ಹುಡುಕಲು ಕನ್ನಡಕ ಬೇಕು.

‘ನೋಡೋಕಾಗದಿದ್ರೆ ನೋಡಬೇಡಿ’ ಅನ್ನುವ ಮಾತು ಬಹಳ ಕೇಳಿದೆ. ಬೆಂಗಳೂರಿನಲ್ಲಿ ಕೂತು ಹೇಳಲು ಸುಲಭ. ಶಿರಸಿಯಂಥ ಊರಲ್ಲಿ ಇರುವ ಪರದೆ ಎಷ್ಟು? ದೊಡ್ಡ ಹೀರೋ ಬಂದ ವಾರ ಬೇರೆ ಸಿನಿಮಾ ಹಾಕೋದೇ ಇಲ್ಲ. ಅತ್ತಿಗೆ ಜಾತ್ರೆ ಬಿಟ್ಟರೆ ಪೇಟೆಗೆ ಬರೋದೇ ಅಪರೂಪ. ಅವತ್ತು ಬಂದಾಗ ಇದ್ದದ್ದು ಅದೊಂದೇ.

ಇನ್ನು ಸ್ವಲ್ಪ ದಿನಕ್ಕೆ ಟಿವಿಗೆ ಬರುತ್ತೆ. ಎ ಸರ್ಟಿಫಿಕೇಟ್ ಇಟ್ಟುಕೊಂಡು ಟಿವಿಗೆ ಬರುವಂತಿಲ್ಲ, ಕತ್ತರಿಸಿ ಯುಎ ಮಾಡಿಸಿಕೊಳ್ಳಬೇಕು. ಆಗ ರಕ್ತ ಹೋಗುತ್ತೆ, ರಾಡ್ ಹೋಗುತ್ತೆ, ಆ ಒಳ್ಳೆಯ ಕಾರಿಡಾರ್ ಫೈಟ್ ಬಹುಶಃ ಚೂರು ಚೂರಾಗುತ್ತೆ. ಆ ಹುಡುಗಿಗೆ ಮಾತ್ರ ಒಂದು ಮಾತೂ ಜಾಸ್ತಿ ಸಿಗೋದಿಲ್ಲ. ರಕ್ತ ಜಾಸ್ತಿಯಾಯ್ತು ಅಂತ ಈಗ ಜಗಳ ಮಾಡುತ್ತಿರುವ ಪಕ್ಷದವರು ಆಗ ಮನೆಮಂದಿಯೆಲ್ಲ ಕೂತು ಆರಾಮಾಗಿ ನೋಡುತ್ತಾರೆ ನೋಡಿ.

ಹೋಗಬೇಕಾ ಬೇಡವಾ ಅಂತ ಕೇಳಿದವರಿಗೆ: ಹೋಗಿ. ಮಕ್ಕಳನ್ನು ಅಜ್ಜನ ಮನೆಯಲ್ಲಿ ಬಿಟ್ಟು ಹೋಗಿ. ಇಂಟರ್‌ವಲ್ ಆದಮೇಲೆ ಬರುವ ಮುದುಕ ಹೆಡ್ ಕಾನ್‌ಸ್ಟೇಬಲ್ ಪಾತ್ರವನ್ನು ಗಮನಿಸಿ. ಹೆಣದ ಜೇಬಿನಿಂದ ಸಿಕ್ಕ ಬಸ್ ಟಿಕೆಟ್ ನೋಡಿ ‘ಇವ ಎಲ್ಲಿಗೆ ಹೊರಟಿದ್ದ?’ ಅಂತ ಕೇಳೋದು ಇಡೀ ಸಿನಿಮಾದಲ್ಲಿ ಅವನೊಬ್ಬನೇ. ಮುಂದಿನ ಶಾಟಿಗೇ ಅವನನ್ನೂ ಹೊಡೆದು ಹಾಕುತ್ತಾರೆ.