ಬೈಯೋಕೂ ಸರಿಯಾದ ಅಡ್ರೆಸ್ ಬೇಕು ಸ್ವಾಮಿ

ಇಲ್ಲಿ ಟೊರೊಂಟೊ ಸುತ್ತಮುತ್ತ ನಮ್ಮ ಕನ್ನಡದೋರು ನಾಲ್ಕು ಜನ ಎಲ್ಲೇ ಸೇರ್ಲಿ, ಪಾಟ್‌ಲಕ್ ಇರ್ಲಿ, ದೇವಸ್ಥಾನದ ಪಾರ್ಕಿಂಗ್ ಲಾಟ್ ಇರ್ಲಿ, ಮಕ್ಕಳ ಕ್ಲಾಸ್ ಮುಗಿಯೋವರೆಗೂ ಕಾರಲ್ಲಿ ಕಾಯ್ತಾ ಇರ್ಲಿ, ಹತ್ತು ನಿಮಿಷದೊಳಗೆ ಮಾತು ಒಟ್ಟಾವಾಗೆ, ಅಂದ್ರೆ ಕೆನಡಾದ ಫೆಡರಲ್ ಸರ್ಕಾರಕ್ಕೆ ಹೋಗಿ ನಿಲ್ಲುತ್ತೆ. ಪೆಟ್ರೋಲ್ ರೇಟು, ಕಾರ್ ಕಳ್ಳತನ, ಹೈವೇ 401ರ ಟ್ರಾಫಿಕ್ಕು, ಫ್ಯಾಮಿಲಿ ಡಾಕ್ಟರ್ ಸಿಗಲ್ಲ ಅನ್ನೋದು, ಬೇಸಿಗೆಯ ಕಾಡ್ಗಿಚ್ಚಿನ ಹೊಗೆ, ಇಷ್ಟಕ್ಕೂ ಆರೋಪಿ ಒಬ್ಬನೇ, ಪ್ರಧಾನಿ. ಮೊದ್ಲು ಟ್ರೂಡೊ, ಈಗ ಕಾರ್ನಿ. ನಾನೂ ಈ ಕೂಟಗಳಲ್ಲಿ ಗಂಟಲು ಹರ್ಕೊಂಡೋನೇ, ಅದರಲ್ಲೇನೂ ಮುಚ್ಚುಮರೆ ಇಲ್ಲ, ಆದ್ರೆ ಇತ್ತೀಚೆಗೆ ಕೂತು ಯೋಚನೆ ಮಾಡಿದ್ರೆ ನಮ್ಮ ಬೈಗುಳದಲ್ಲಿ ಅರ್ಧಕ್ಕರ್ಧ ತಪ್ಪು ಮನೆಗೆ ಡೆಲಿವರಿ ಆಗ್ತಿದೆ ಅನ್ಸುತ್ತೆ. ನಮ್ಮ ದಿನನಿತ್ಯದ ತಲೆನೋವು ಬಹುಪಾಲು ತೀರ್ಮಾನ ಆಗೋದು ಕ್ವೀನ್ಸ್ ಪಾರ್ಕಲ್ಲಿ, ಅಂದ್ರೆ ನಮ್ಮ ಒಂಟಾರಿಯೊ ವಿಧಾನಸಭೆಯಲ್ಲಿ, ಇಲ್ಲಾ ಸಿಟಿ ಹಾಲಲ್ಲಿ. ಅಲ್ಲಿ ಯಾರು ಕೂತಿದ್ದಾರೆ ಅಂತ ಕೇಳಿದ್ರೆ ಎಲ್ಲರೂ ಫೋನ್ ತೆಗೀತಾರೆ.

ಹೊಗೆ ಬಿಡೋ ಇಂಧನದ ಮೇಲೆ ಹಾಕ್ತಿದ್ದ ಕಾರ್ಬನ್ ಟ್ಯಾಕ್ಸಿಂದಾನೇ ಶುರು ಮಾಡ್ತೀನಿ, ಐದಾರು ವರ್ಷ ಇದರ ಮೇಲೆ ನಡೆದಷ್ಟು ಜಗಳ ನಮ್ಮಲ್ಲಿ ಕ್ರಿಕೆಟ್ ಮೇಲೂ ನಡೆದಿಲ್ಲ. 2024ರ ಹೊತ್ತಿಗೆ ಪೆಟ್ರೋಲ್ ಮೇಲೆ ಲೀಟರಿಗೆ 17.6 ಸೆಂಟ್ ಆಗಿತ್ತು, ವಿರೋಧ ಪಕ್ಷದ ನಾಯಕ ಪೊಲಿಯೆವ್ರ ಊರೂರು ತಿರುಗಿ 'ಆ್ಯಕ್ಸ್ ದ ಟ್ಯಾಕ್ಸ್' ಅಂತ ಕೂಗ್ತಿದ್ರು, ನಮ್ಮೋರು ಆ ಟೀ ಶರ್ಟ್ ಹಾಕ್ಕೊಳೋದೊಂದು ಬಾಕಿ ಇತ್ತು. ಸರಿ, ಒಂಟಾರಿಯೊಗೆ ಈ ಟ್ಯಾಕ್ಸ್ ಬಂದಿದ್ದಾದ್ರೂ ಹೆಂಗೆ? 2017ರಿಂದ ಇಲ್ಲಿ ಪ್ರಾಂತ್ಯದ್ದೇ ಕ್ಯಾಪ್ ಆ್ಯಂಡ್ ಟ್ರೇಡ್ ಅಂತ ಒಂದು ವ್ಯವಸ್ಥೆ ಇತ್ತು. ಹೊಗೆ ಉಗುಳೋ ಕಂಪನಿಗಳು ಪರ್ಮಿಟ್ ಕೊಂಡ್ಕೋಬೇಕು, ಮಾರ್ಬೋದು, ಕ್ವಿಬೆಕ್ಕು ಕ್ಯಾಲಿಫೋರ್ನಿಯಾ ಜೊತೆ ಕೈಜೋಡಿಸಿದ್ದ ಮಾರ್ಕೆಟ್ಟು ಅದು. 2018ರಲ್ಲಿ ಡಗ್ ಫೋರ್ಡ್ ಗೆದ್ದು ಒಂಟಾರಿಯೊದ ಪ್ರೀಮಿಯರ್, ಅಂದ್ರೆ ನಮ್ಮ ಮುಖ್ಯಮಂತ್ರಿ ಲೆಕ್ಕ, ಆಗಿ ಬಂದೋರೇ ಅದನ್ನ ಕಿತ್ತಾಕಿದ್ರು. ಪ್ರಾಂತ್ಯಕ್ಕೆ ತನ್ನದೇ ವ್ಯವಸ್ಥೆ ಇಲ್ಲ ಅಂದ್ರೆ ಫೆಡರಲ್ ಟ್ಯಾಕ್ಸ್ ಬಂದು ಕೂರುತ್ತೆ ಅಂತ ಕಾನೂನಲ್ಲಿ ಬರೆದೇ ಇತ್ತು, 2019ರ ಏಪ್ರಿಲ್‌ನಲ್ಲಿ ಬಂದು ಕೂತ್ಕೊಳ್ತು. ಪಕ್ಕದ ಕ್ವಿಬೆಕ್ ತನ್ನದನ್ನ ಉಳಿಸ್ಕೊಂಡಿತ್ತು ನೋಡಿ, ಅಲ್ಲಿ ಈ ಟ್ಯಾಕ್ಸ್ ಕಾಲಿಡಲೇ ಇಲ್ಲ.

ಆಮೇಲಿನದ್ದು ಇನ್ನೂ ಮಜಾ ಇದೆ. ಫೆಡರಲ್ ಟ್ಯಾಕ್ಸಿಂದ ನಿಮಗೆ ಇಷ್ಟು ಹೊರೆ ಅಂತ ಪ್ರತಿ ಬಂಕಿನ ಪ್ರತಿ ಪಂಪಿನ ಮೇಲೂ ಸ್ಟಿಕ್ಕರ್ ಅಂಟಿಸಲೇಬೇಕು ಅಂತ ಫೋರ್ಡ್ ಸರ್ಕಾರ ಕಾನೂನೇ ಮಾಡ್ತು, ಅಂಟಿಸದ ಬಂಕಿನೋರಿಗೆ ದಂಡ. ಆ ಸ್ಟಿಕ್ಕರು ಸರಿಯಾಗಿ ಅಂಟ್ತಾನೇ ಇರ್ಲಿಲ್ಲ ಕಣ್ರೀ! ಗೋಂದು ಬಿಟ್ಕೊಂಡು ಸಿಪ್ಪೆ ಎದ್ದಂಗೆ ಎದ್ದು ನೇತಾಡ್ತಿತ್ತು. 2020ರಲ್ಲಿ ಕೋರ್ಟು ಇದು ಸಂವಿಧಾನಕ್ಕೆ ವಿರುದ್ಧ ಅಂತ ಆ ಕಾನೂನನ್ನೇ ಹೊಡೆದಾಕ್ತು. ಅಷ್ಟೊತ್ತಿಗೆ ಸ್ಟಿಕ್ಕರ್ ಹೋದ್ರೂ ಸ್ಟಿಕ್ಕರ್ ಮೇಲಿದ್ದ ಮಾತು ಮಾತ್ರ ನಮ್ಮೋರ ತಲೇಲಿ ಅಂಟ್ಕೊಂಡಾಗಿತ್ತು.

ಇನ್ನು ಆ ಟ್ಯಾಕ್ಸಲ್ಲಿ ನಮಗೆ ವಾಪಸ್ ಬರ್ತಿದ್ದ ದುಡ್ಡಿನ ಕಥೆ. ಒಂಟಾರಿಯೊದಲ್ಲಿ ನಾಲ್ಕು ಜನರ ಸಂಸಾರಕ್ಕೆ 2024-25ರಲ್ಲಿ ವರ್ಷಕ್ಕೆ 1,120 ಡಾಲರ್ ಕಾರ್ಬನ್ ರಿಬೇಟ್ ಬರ್ತಿತ್ತು, ಮೂರು ತಿಂಗಳಿಗೊಂದ್ಸಲ 280 ಸದ್ದಿಲ್ಲದೆ ಬ್ಯಾಂಕ್ ಅಕೌಂಟಿಗೆ ಬೀಳ್ತಿತ್ತು. ಸ್ಟೇಟ್‌ಮೆಂಟಲ್ಲಿ ಎಷ್ಟೋ ಬ್ಯಾಂಕುಗಳು ಅದನ್ನ ಯಾವುದೋ ಸರ್ಕಾರಿ ಡೆಪಾಸಿಟ್ ಅಂತಷ್ಟೇ ತೋರಿಸ್ತಿದ್ವು, ಯಾಕೆ ಬಂತು ಏನು ಅಂತ ಒಂದಕ್ಷರ ಇಲ್ಲ. ನಮ್ಮ ಗ್ರೂಪಲ್ಲೇ ಒಬ್ರು ಐಟಿ ಮ್ಯಾನೇಜರ್ರು 'ನನಗೆ ಒಂದು ಪೈಸೆ ಬಂದಿಲ್ಲ' ಅಂತ ವಾದ ಮಾಡ್ತಿದ್ರು, ಅವರ ಹೆಂಡ್ತಿ ಅಲ್ಲೇ ಪಕ್ಕದಲ್ಲಿ ಪಲ್ಯ ಬಡಿಸ್ತಾ 'ರೀ, ನನ್ನ ಅಕೌಂಟಿಗೆ ಬರುತ್ತೆ, ನಾನೇ ಇನ್ಶೂರೆನ್ಸ್‌ಗೆ ಕಟ್ತೀನಿ' ಅಂದ್ರು. ಮನುಷ್ಯ ತಟ್ಟೆ ಕಡೆ ನೋಡ್ತಾ ಕೂತ್ಬಿಟ್ರು.

ಅದೇ 2025ರ ಚಳಿಗಾಲದಲ್ಲಿ ಫೋರ್ಡ್ ಸರ್ಕಾರ ತಲೆಗೆ 200 ಡಾಲರ್ ಚೆಕ್ ಪೋಸ್ಟಲ್ಲಿ ಕಳಿಸ್ತು, ಮಕ್ಕಳಿಗೂ ಸೇರಿಸಿ. ನಾಲ್ಕು ಜನರ ಸಂಸಾರಕ್ಕೆ 800 ಆಯ್ತಲ್ಲ, ಅದೂ ಒಂದೇ ಸಲ. ಲಕೋಟೆ ಕೈಗೆ ಬಂತು, ಒಡೆದು ನೋಡಿದ್ರು, ಫೋಟೋ ತೆಗೆದು ಗ್ರೂಪಿಗೆ ಹಾಕಿದ್ರು, 'ಎಷ್ಟೇ ಆಗ್ಲಿ ಫೋರ್ಡ್ ಪರವಾಗಿಲ್ಲಪ್ಪ' ಅಂದ್ರು. ಸರಿಯಾಗಿ ಅದೇ ಟೈಮಿಗೆ ಫೆಬ್ರವರಿ 27ಕ್ಕೆ ಎಲೆಕ್ಷನ್. 2022ರಲ್ಲೂ ಇದೇ ಆಗಿತ್ತು, ನಂಬರ್ ಪ್ಲೇಟ್ ಸ್ಟಿಕ್ಕರ್ ಫೀಸ್ ತೆಗೆದು ಹಾಕಿ ಕಟ್ಟಿದ್ದ ದುಡ್ಡಿನ ಚೆಕ್ ಮನೆಗೆ ಕಳಿಸಿ ಆಮೇಲೆ ಜೂನಲ್ಲಿ ಓಟು. ಊರಲ್ಲಿ ಎಲೆಕ್ಷನ್ ಟೈಮಲ್ಲಿ ಸೀರೆ ಕುಕ್ಕರ್ ಹಂಚೋದನ್ನ ನೋಡಿ ಬೆಳೆದೋರು ನಾವು, ಇಲ್ಲಿ ಲಕೋಟೆಯಲ್ಲಿ ಬಂದ ತಕ್ಷಣ ಅದು ಪಾಲಿಸಿ ಆಗ್ಬಿಡುತ್ತಾ?

ಹಾಗಂತ ನಾನು ಕಾರ್ಬನ್ ಟ್ಯಾಕ್ಸ್ ಭಕ್ತ ಅಂತ ತಿಳ್ಕೋಬೇಡಿ. 2023ರ ಅಕ್ಟೋಬರಲ್ಲಿ ಅಟ್ಲಾಂಟಿಕ್ ಕಡೆಯ ಎಂಪಿಗಳ ಒತ್ತಡಕ್ಕೆ ಮನೆ ಕಾಯಿಸೋ ಎಣ್ಣೆಗೆ ಮಾತ್ರ ಮೂರು ವರ್ಷ ವಿನಾಯ್ತಿ ಅಂತ ಟ್ರೂಡೊ ಘೋಷಣೆ ಮಾಡಿದ್ರಲ್ಲ, ನ್ಯಾಚುರಲ್ ಗ್ಯಾಸ್ ಫರ್ನೇಸ್ ಇರೋ ನಮಗೆ ಮಾತ್ರ ಏನೂ ಇಲ್ಲ, ಅವತ್ತೇ ಆ ಟ್ಯಾಕ್ಸಿನ ಕಥೆ ಮುಗೀತು. ಯಾರಿಗೆ ಓಟಿನ ಬಲ ಇದೆಯೋ ಅವರಿಗೆ ರಿಯಾಯ್ತಿ ಅಂದ್ಮೇಲೆ ಪರಿಸರದ ಮಾತು ಯಾರು ನಂಬ್ತಾರೆ? ಕೊನೆಗೆ 2025ರ ಏಪ್ರಿಲ್ 1ಕ್ಕೆ ಅದನ್ನ ತೆಗೆದಿದ್ದು ಅದೇ ಪಕ್ಷದ ಕಾರ್ನಿ, ಪೊಲಿಯೆವ್ರ ಕೈಲಿದ್ದ ಸ್ಲೋಗನ್ನೇ ಕಿತ್ಕೊಂಡ್ರು. ಆದ್ರೆ ಹೊಗೆ ಎಲ್ಲೂ ಹೋಗ್ಲಿಲ್ಲ. 2023ರ ಜೂನಲ್ಲಿ ಕ್ವಿಬೆಕ್ ಕಡೆಯಿಂದ ಹೊಗೆ ಬಂದು ಮಕ್ಕಳ ಸಾಕರ್ ಪ್ರಾಕ್ಟೀಸ್ ಕ್ಯಾನ್ಸಲ್ ಆಗಿ, ಕೋವಿಡ್ ಟೈಮಿನ ಎನ್95 ಮಾಸ್ಕು ಬೇಸ್‌ಮೆಂಟಿಂದ ಹುಡುಕಿ ತಂದಿದ್ವಲ್ಲ, ಮುಂದಿನ ವರ್ಷ ಜುಲೈಯಲ್ಲಿ ಆಲ್ಬರ್ಟಾದ ಜ್ಯಾಸ್ಪರ್ ಊರಿನ ಮೂರನೇ ಒಂದು ಭಾಗ ಕಾಡ್ಗಿಚ್ಚಿಗೆ ಸುಟ್ಟೋಯ್ತು. ಕಾಡಿನ ಬೆಂಕಿ ಆರಿಸೋ ಪಡೆಗೆ ದುಡ್ಡು ಕೊಡೋದೂ ಮುಖ್ಯವಾಗಿ ಪ್ರಾಂತ್ಯಗಳೇ, ಅದನ್ನ ಯಾವ ಪಾಟ್‌ಲಕ್ಕಲ್ಲೂ ಯಾರೂ ಎತ್ತಿದ್ದು ನಾನು ಕೇಳಿಲ್ಲ.

ಈಗ ಟೊರೊಂಟೊ ಪಕ್ಕದ ನಮ್ಮ ಬ್ರಾಂಪ್ಟನ್ ಕಡೆ ಬನ್ನಿ. ಹುರೊಂಟಾರಿಯೊ ರಸ್ತೆ, ಸ್ಟೀಲ್ಸ್ ಕ್ರಾಸಿಂಗ್. ಮಿಸ್ಸಿಸಾಗಾದ ಪೋರ್ಟ್ ಕ್ರೆಡಿಟ್ಟಿಂದ ಇಲ್ಲಿವರೆಗೆ 18 ಕಿಲೋಮೀಟರ್ ಲಘು ರೈಲು, ಅಂದ್ರೆ ಎಲ್‌ಆರ್‌ಟಿ, ಹೇಝೆಲ್ ಮೆಕಾಲಿಯನ್ ಲೈನು. 2024ಕ್ಕೆ ಓಡಬೇಕಿತ್ತು, ಇನ್ನೂ ಓಡಿಲ್ಲ. ಕಿತ್ತಳೆ ಬಣ್ಣದ ಡ್ರಮ್ಮು, ಈ ವಾರ ಎಡಕ್ಕೆ ತಿರುಗಿಸಿದ ಲೇನು ಮುಂದಿನ ವಾರ ಬಲಕ್ಕೆ, ಬಸ್ ಸ್ಟಾಪ್ ಇವತ್ತಿದ್ದ ಜಾಗದಲ್ಲಿ ನಾಳೆ ಇಲ್ಲ, ಜನವರಿ ಚಳೀಲಿ ಬೆನ್ನಿಗೆ ಬ್ಯಾಗ್ ಹಾಕ್ಕೊಂಡಿರೋ ಸ್ಟೂಡೆಂಟ್ಸು ಹಿಮದ ಗುಡ್ಡೆ ಹತ್ತಿ ಇಳಿದು ಬಸ್ ಹುಡುಕ್ತಿರ್ತಾರೆ. ಆದ್ರೆ ನನ್ನ ಸಿಟ್ಟು ತಡ ಆಗಿದ್ದಕ್ಕಲ್ಲ, ಆ ಲೈನು ಸ್ಟೀಲ್ಸಲ್ಲೇ ಯಾಕೆ ನಿಂತುಹೋಯ್ತು ಅನ್ನೋದಕ್ಕೆ. ಅದು ಬ್ರಾಂಪ್ಟನ್ ಡೌನ್‌ಟೌನ್ ಗೋ ರೈಲ್ವೆ ಸ್ಟೇಷನ್‌ವರೆಗೆ ಬರಬೇಕಿತ್ತು. ಕಟ್ಟೋ ಖರ್ಚು ಪೂರ್ತಿ ನಮ್ಮದೇ ಅಂತ ಅವತ್ತಿನ ಕ್ಯಾಥ್ಲೀನ್ ವಿನ್ ಅವರ ಪ್ರಾಂತ್ಯ ಸರ್ಕಾರ ಒಪ್ಪಿಯೂ ಇತ್ತು. 2015ರ ಅಕ್ಟೋಬರಲ್ಲಿ ನಮ್ಮ ಸಿಟಿ ಕೌನ್ಸಿಲ್ಲು ಮೇನ್ ಸ್ಟ್ರೀಟಲ್ಲಿ ಟ್ರೇನ್ ಬೇಡ ಅಂತ ಓಟ್ ಹಾಕ್ತು. 6ಕ್ಕೆ 5. ಒಬ್ಬ ಕೌನ್ಸಿಲರ್ ಈ ಕಡೆ ಕೈ ಎತ್ತಿದ್ರೆ ಕಥೆನೇ ಬೇರೆ ಆಗ್ತಿತ್ತು. ಈಗ ಅದೇ ಡೌನ್‌ಟೌನಿಗೆ ಸುರಂಗ ಕೊರೆದು ತರ್ತೀವಿ ಅಂತ ಪ್ರಾಂತ್ಯ ಹೇಳ್ತಿದೆ, ಅವತ್ತು ರಸ್ತೆ ಮೇಲೆ ಬರೋದಿತ್ತು, ಇವತ್ತು ನೆಲದಡಿ, ಖರ್ಚಿನ ಲೆಕ್ಕ ನೀವೇ ಹಾಕ್ಕೊಳ್ಳಿ. ಇದರಲ್ಲಿ ಟ್ರೂಡೊ ಎಲ್ಲಿ ಬಂದ್ರು ಸ್ವಾಮಿ? ಆ ಓಟಿನ ಮಾರನೇ ವಾರ ಅವರು ಪ್ರಧಾನಿಯಾಗಿ ಪ್ರಮಾಣವಚನ ತಗೊಂಡ್ರು, ಅಷ್ಟೇ ಸಂಬಂಧ.

407ದೂ ಅದೇ ಹಣೆಬರಹ. ಜನರ ದುಡ್ಡಲ್ಲಿ ಕಟ್ಟಿದ ಟೋಲ್ ಹೈವೇ, 1999ರಲ್ಲಿ ಮೈಕ್ ಹ್ಯಾರಿಸ್ ಅವರ ಪ್ರಾಂತ್ಯ ಸರ್ಕಾರ 3.1 ಬಿಲಿಯನ್ ಡಾಲರಿಗೆ 99 ವರ್ಷಕ್ಕೆ ಲೀಸ್ ಕೊಟ್ಟುಬಿಡ್ತು. ಪಕ್ಕದ 401ರಲ್ಲಿ ಬಂಪರ್‌ಗೆ ಬಂಪರ್ ಅಂಟ್ಕೊಂಡು ನಿಂತಿರೋವಾಗ ಅದು ಆರಾಮಾಗಿ ಹರೀತಿರುತ್ತೆ. ಈಗ ಗದ್ದೆ ಹೊಲ, ಕಾಪಾಡಿಟ್ಟ ಗ್ರೀನ್‌ಬೆಲ್ಟ್ ಜಾಗದ ಮಧ್ಯೆ 413 ಅಂತ ಇನ್ನೊಂದು ಹೈವೇ ಬರ್ತಿದೆ. ನಮ್ಮ ಡ್ರೈವರ್ ಸ್ನೇಹಿತರೆಲ್ಲ ಅದರ ಪರ, ನಾನು ವಿರೋಧ, ಅದರ ಜಗಳ ಇನ್ನೊಂದು ದಿನ ಇಟ್ಕೊಳ್ಳೋಣ.

ಸೆಕ್ಯುರಿಟಿ ವಿಷಯ ಇಷ್ಟು ಸಲೀಸಲ್ಲ, ಇಲ್ಲಿ ನನ್ನ ವಾದಕ್ಕೇ ಗಂಟು ಬೀಳುತ್ತೆ. ಡ್ರೈವ್‌ವೇಲಿ ನಿಲ್ಲಿಸಿದ ಎಸ್‌ಯುವಿ ಬೆಳಗ್ಗೆ ಎದ್ದು ನೋಡಿದ್ರೆ ಮಾಯ, ಕೊನೆಗೆ ಮಾಂಟ್ರಿಯಲ್ ಬಂದರಲ್ಲಿ ಕಂಟೇನರ್ ಹತ್ತಿ ಸಮುದ್ರ ದಾಟಿರುತ್ತೆ. ಬಂದರು, ಬಾರ್ಡರ್ ಏಜೆನ್ಸಿ ಒಟ್ಟಾವದ್ದು. ಪೊಲೀಸ್ರು ಲೋಕಲ್, ಅವರ ಸಂಬಳ ನಮ್ಮ ಪ್ರಾಪರ್ಟಿ ಟ್ಯಾಕ್ಸಿಂದ. ಹಿಡಿದ ಕಳ್ಳನಿಗೆ ಬೇಲ್ ಕೊಡೋ ಕಾನೂನು ಒಟ್ಟಾವದ್ದು, ಬೇಲ್ ಕೇಳಿಸ್ಕೊಳೋ ಕೋರ್ಟು, ಅಲ್ಲಿ ಕೂರೋ ಜಸ್ಟಿಸ್ ಆಫ್ ದ ಪೀಸು, ಜಾಗ ಸಾಲದ ಜೈಲು ಎಲ್ಲ ಪ್ರಾಂತ್ಯದ್ದು. ಹಂಗಾಗಿ ಮೂರೂ ಜನ ಒಬ್ಬರ ಕಡೆ ಒಬ್ಬರು ಬೆರಳು ತೋರಿಸ್ಕೊಂಡು ಆರಾಮಾಗಿರ್ತಾರೆ. 2024ರಲ್ಲಿ ಒಂದು ಮೀಟಿಂಗಲ್ಲಿ ಟೊರೊಂಟೊ ಪೊಲೀಸ್ ಅಧಿಕಾರಿಯೊಬ್ಬರು ಕಾರ್ ಕೀನ ಮುಂಬಾಗಿಲ ಹತ್ರಾನೇ ಇಟ್ಬಿಡಿ, ಕಳ್ಳರು ಒಳಗೆ ಬಂದು ನಿಮಗೆ ಏಟು ಬೀಳೋದಾದ್ರೂ ತಪ್ಪುತ್ತೆ ಅಂತ ಸಲಹೆ ಕೊಟ್ಟಿದ್ದು ನೆನಪಿರ್ಬೇಕು. ಬಾಗಿಲಿಗೆ ರಂಗೋಲಿ ಹಾಕಿ ಪಕ್ಕದಲ್ಲಿ ಒಂದು ತಟ್ಟೇಲಿ ಎಲೆ ಅಡಿಕೆ ಜೊತೆ ಕೀ ಇಡೋಣ್ವಾ ಅಂತ ನಮ್ಮಮ್ಮ ಕೇಳಿದ್ರು.

ಸ್ಪೀಡ್ ಕ್ಯಾಮೆರಾ ವಿಷಯದಲ್ಲಿ ಮಾತ್ರ ಅಂಥ ಗೊಂದಲ ಇಲ್ಲ. ಸ್ಕೂಲ್ ಝೋನ್‌ಗಳಲ್ಲಿ ಸಿಟಿಗಳು ಹಾಕಿದ್ದ ಕ್ಯಾಮೆರಾನೆಲ್ಲ ದುಡ್ಡು ಮಾಡೋ ದಂಧೆ ಅಂತ ಹೇಳಿ ಫೋರ್ಡ್ ಸರ್ಕಾರ 2025ರ ನವೆಂಬರಲ್ಲಿ ನಿಷೇಧ ಮಾಡ್ತು. ಅವಕ್ಕೆ ಅನುಮತಿ ಕೊಟ್ಟಿದ್ದೂ 2019ರಲ್ಲಿ ಇದೇ ಸರ್ಕಾರ. ಟೊರೊಂಟೊದ ಪಾರ್ಕ್‌ಸೈಡ್ ಡ್ರೈವಲ್ಲಿದ್ದ ಕ್ಯಾಮೆರಾನ ಯಾರೋ ಮತ್ತೆ ಮತ್ತೆ ಬುಡಕ್ಕೇ ಕತ್ತರಿಸಿ ಬೀಳಿಸ್ತಿದ್ರು, ಒಂದ್ಸಲ ಎಳ್ಕೊಂಡೋಗಿ ಹೈ ಪಾರ್ಕಿನ ಕೆರೆಗೇ ಹಾಕಿದ್ರು. ನಮ್ಮ ಗ್ರೂಪಲ್ಲಿ ಅದಕ್ಕೆ ಚಪ್ಪಾಳೆ ಇಮೋಜಿ. ಅದೇ ಜನ ಮಾರನೇ ದಿನ ನಮ್ಮ ಏರಿಯಾದಲ್ಲಿ ಹುಡುಗರು ರೇಸ್ ಬಿಡ್ತಾರೆ ಪೊಲೀಸ್ರು ಏನ್ ಮಾಡ್ತಿದ್ದಾರೆ ಅಂತ ವಾಯ್ಸ್ ಮೆಸೇಜ್ ಹಾಕ್ತಾರೆ.

ಒಟ್ಟಾವದ್ದು ಏನೂ ಇಲ್ಲ ಅಂತ ನಾನು ಹೇಳ್ತಿಲ್ಲ. ಖಲಿಸ್ತಾನಿ ನಾಯಕ ನಿಜ್ಜರ್ ಕೊಲೆಯಲ್ಲಿ ಭಾರತದ ಕೈವಾಡದ ಆರೋಪ ಇದೆ ಅಂತ ಟ್ರೂಡೊ 2023ರ ಸೆಪ್ಟೆಂಬರಲ್ಲಿ ಪಾರ್ಲಿಮೆಂಟಲ್ಲಿ ಎದ್ದು ಮಾತಾಡಿ ಮೂರೇ ದಿನಕ್ಕೆ ಭಾರತ ಕೆನಡಾದೋರಿಗೆ ವೀಸಾ ಕೊಡೋದು ನಿಲ್ಲಿಸ್ತು, ಕೆನಡಾ ಪಾಸ್‌ಪೋರ್ಟ್ ಇದ್ದು ಒಸಿಐ ಮಾಡಿಸ್ದೇ ಇದ್ದ ಎಷ್ಟೋ ಜನ ಅಪ್ಪ ಅಮ್ಮನ ನೋಡೋಕೆ ಹೋಗೋಕಾಗದೆ ಒದ್ದಾಡಿದ್ರು. ಅದು ನೇರ ದಿಲ್ಲಿ ಒಟ್ಟಾವ ಲೆಕ್ಕ, ಅಲ್ಲಿಗೇ ಬೈಯಿರಿ. ಸ್ಟೂಡೆಂಟ್ ವೀಸಾದು ಅರ್ಧ ಅರ್ಧ. ವೀಸಾ ಕೊಟ್ಟಿದ್ದು ಒಟ್ಟಾವ, 2019ರಲ್ಲಿ ಇಲ್ಲಿನ ಮಕ್ಕಳ ಫೀಸ್ ಶೇಕಡ 10 ಇಳಿಸಿ ಹಂಗೇ ಫ್ರೀಝ್ ಮಾಡಿ ಕಾಲೇಜುಗಳನ್ನ ಹೊರದೇಶದ ಮಕ್ಕಳ ಫೀಸಿನ ಮೇಲೆ ಬದುಕೋ ಹಂಗೆ ಬಿಟ್ಟಿದ್ದು ಕ್ವೀನ್ಸ್ ಪಾರ್ಕು.

2022ರ ಮೇ ತಿಂಗಳಲ್ಲಿ ಶಿರಾ ತಾಲೂಕಿನ ಚಂದ್ರ ಆರ್ಯ ಅವರು ಕೆನಡಾ ಪಾರ್ಲಿಮೆಂಟಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೋ ನೋಡಿ ನನಗೂ ಮೈ ಜುಮ್ ಅಂದಿತ್ತು, ಊರಿಂದ ಚಿಕ್ಕಪ್ಪ ಫೋನ್ ಮಾಡಿ ನಿಮ್ಮ ಎಂಪಿನಾ ಅಂತ ಕೇಳಿದ್ರು. ಅಲ್ಲ ಚಿಕ್ಕಪ್ಪ, ಅವರು ಒಟ್ಟಾವ ಕಡೆಯ ನೇಪಿಯನ್ ಕ್ಷೇತ್ರದೋರು, ನಮ್ಮಿಂದ ನಾಲ್ಕೈದು ಗಂಟೆ ದಾರಿ ಅಂದೆ. 2025ರಲ್ಲಿ ಲಿಬರಲ್ ಪಕ್ಷ ಅವರನ್ನ ನಾಯಕತ್ವದ ಸ್ಪರ್ಧೆಗೂ ಬಿಡ್ಲಿಲ್ಲ, ಆಮೇಲೆ ಕ್ಷೇತ್ರದ ಟಿಕೆಟ್ಟೂ ವಾಪಸ್ ತಗೊಳ್ತು, ಅದೇ ನೇಪಿಯನ್ನಲ್ಲಿ ಕಾರ್ನಿ ನಿಂತು ಗೆದ್ರು. ಇದು ಅನ್ಯಾಯನಾ ನ್ಯಾಯನಾ ಅಂತ ನಮ್ಮಲ್ಲಿ ವಾರಗಟ್ಟಲೆ ಚರ್ಚೆ ಆಯ್ತು. ಆಗ್ಲಿ, ಆಗಬೇಕಾದ್ದೇ. ಆದ್ರೆ ಆ ಚರ್ಚೆಯಲ್ಲಿದ್ದ ಒಬ್ಬರಿಗೂ ನಮ್ಮದೇ ಎಂಪಿಪಿ ಹೆಸರು, ಅಂದ್ರೆ ನಮ್ಮೂರ ಎಂಎಲ್ಎ ಲೆಕ್ಕ, ಬರ್ಲಿಲ್ಲ ಕಣ್ರೀ.

ಓಟಿನ ಲೆಕ್ಕ ನೋಡಿದ್ರೆ ಕನ್ನಡದೋರೊಬ್ಬರದ್ದೇ ತಪ್ಪು ಅನ್ನೋಹಾಗಿಲ್ಲ. 2025ರ ಏಪ್ರಿಲ್ ಫೆಡರಲ್ ಎಲೆಕ್ಷನ್ನಿಗೆ ನೂರಕ್ಕೆ 69ರ ಹತ್ರ ಜನ ಬಂದ್ರು, ಟ್ರಂಪ್ ಮಹಾಶಯರ 51ನೇ ರಾಜ್ಯದ ಮಾತಿಗೆ ಎಲ್ಲರಿಗೂ ರೋಷ ಬಂದಿತ್ತು. ಎರಡೇ ತಿಂಗಳ ಹಿಂದೆ ಒಂಟಾರಿಯೊ ಎಲೆಕ್ಷನ್ನಿಗೆ ಬಂದಿದ್ದು 45. ಇನ್ನು 2022ರ ಮುನಿಸಿಪಲ್ ಎಲೆಕ್ಷನ್ನಿಗೆ ಟೊರೊಂಟೊದಲ್ಲೇ 30 ಮುಟ್ಟಲಿಲ್ಲ, ನಮ್ಮ ಬ್ರಾಂಪ್ಟನ್ನಲ್ಲಿ ಕಾಲುಭಾಗದ ಹತ್ತಿರ. ಪಿಆರ್, ಅಂದ್ರೆ ಕಾಯಂ ವಾಸದ ಅನುಮತಿ ಮಾತ್ರ ಇರೋರಿಗೆ ಯಾವ ಎಲೆಕ್ಷನ್ನಲ್ಲೂ ಓಟಿಲ್ಲ, ಅವರು ಬೈದ್ರೆ ನನಗೆ ಅರ್ಥ ಆಗುತ್ತೆ, ಅವರ ಕೈಲಿರೋದು ಅದೊಂದೇ. ಸಿಟಿಝನ್‌ಶಿಪ್ ಸಿಕ್ಕಿ ಹತ್ತು ವರ್ಷ ಆಗಿ, ಪ್ರಮಾಣವಚನದ ಫೋಟೋ ಇನ್ನೂ ಡಿಪಿ ಇಟ್ಕೊಂಡಿರೋರ ಬಗ್ಗೆ ನಾನು ಹೇಳ್ತಿರೋದು. ಬೆಂಗಳೂರಲ್ಲಿ 2020ರ ಸೆಪ್ಟೆಂಬರಿಂದ ಕಾರ್ಪೊರೇಟರ್ರೇ ಇಲ್ಲದೆ ಕಸ ಗುಂಡಿಗೆಲ್ಲ ಸೀದಾ ಸಿಎಂಗೇ ಟ್ಯಾಗ್ ಮಾಡಿ ಅಭ್ಯಾಸ ಆಗಿರ್ಬೋದು, ಇಲ್ಲಿ ಕೌನ್ಸಿಲರ್ ಇದ್ದಾರೆ ಸ್ವಾಮಿ, ಇಮೇಲ್ ಹಾಕಿದ್ರೆ ಉತ್ತರಾನೂ ಬರುತ್ತೆ.

2026ರ ಅಕ್ಟೋಬರ್ 26, ಸೋಮವಾರ, ಒಂಟಾರಿಯೊ ಪೂರ್ತಿ ಮುನಿಸಿಪಲ್ ಎಲೆಕ್ಷನ್. ಮೇಯರ್, ಕೌನ್ಸಿಲರ್, ಸ್ಕೂಲ್ ಬೋರ್ಡ್ ಟ್ರಸ್ಟಿ ಎಲ್ಲ ಒಂದೇ ಬ್ಯಾಲೆಟ್ ಪೇಪರಲ್ಲಿ. ವೋಟರ್ ಲಿಸ್ಟಲ್ಲಿ ನಿಮ್ಮ ಹೆಸರಿದೆಯಾ ಅಂತ ಎಲೆಕ್ಷನ್ಸ್ ಒಂಟಾರಿಯೊ ವೆಬ್‌ಸೈಟಲ್ಲಿ ಈಗಲೇ ನೋಡ್ಕೋಬೋದು, ಮನೆ ಬದಲಾಯಿಸಿದೋರು ಮುಖ್ಯವಾಗಿ. ಇನ್ನು 413 ಬಗ್ಗೆ, ಕ್ಯಾಮೆರಾ ಬಗ್ಗೆ ನನ್ನ ಜೊತೆ ಜಗಳಕ್ಕೆ ಬರೋರಿಗೆಲ್ಲ ಸ್ವಾಗತ, ರಾತ್ರಿ ಹತ್ತರ ಮೇಲೆ ಫ್ರೀ ಇರ್ತೀನಿ. ಒಂದೇ ಕಂಡೀಷನ್ನು: ಕಮೆಂಟಿನ ಮೊದಲನೇ ಸಾಲಲ್ಲಿ ನಿಮ್ಮ ವಾರ್ಡ್ ನಂಬರು, ಕೌನ್ಸಿಲರ್ ಹೆಸರು ಹಾಕಿ. ಗೂಗಲ್ ಮಾಡಿದ್ರೂ ಪರವಾಗಿಲ್ಲ.